ಮಾರ್ಫಿನ್ ಟಾಲರೆನ್ಸ್‌ಗೆ ಕೀಟೊರೊಲ್ಯಾಕ್: ಇಲಿಗಳಲ್ಲಿ ನನ್ನ ಅನುಭವ

ಮಾರ್ಫಿನ್ ಕೊಡ್ತಾ ಹೋದ ಹಾಗೆ ಅದರ ನೋವು ತಡೆಯೋ ಶಕ್ತಿ ಕಮ್ಮಿ ಆಗುತ್ತೆ, ಅದೇ ಟಾಲರೆನ್ಸ್. ಕೀಟೊರೊಲ್ಯಾಕ್ (ಉರಿಯೂತ ಇಳಿಸೋ ಜಾತಿಯ ನೋವಿನ ಔಷಧಿ) ಜೊತೆಗೆ ಕೊಟ್ರೆ ಇದನ್ನ ತಡೀಬಹುದು ಅಂದಾಗ ಎಲ್ರದ್ದೂ ಒಂದೇ ಮಾತು, ಎರಡು ನೋವಿನ ಔಷಧಿ ಸೇರಿಸಿದ್ರೆ ನೋವು ಕಮ್ಮಿ ಆಗೇ ಆಗುತ್ತೆ, ಅದರಲ್ಲೇನು ದೊಡ್ಡ ವಿಷ್ಯ ಅಂತ. ಈಗ ಗ್ರಾಫ್ ಕೈಯಲ್ಲಿದೆ, ಅದಕ್ಕೇ ಬರೀತಿದೀನಿ. ಅಳತೆಯೆಲ್ಲ ಟೇಲ್ ಫ್ಲಿಕ್‌ನಲ್ಲಿ, ಅಂದ್ರೆ ಬಾಲಕ್ಕೆ ಬಿಸಿ ತಾಗಿಸಿ ಇಲಿ ಎಷ್ಟು ಹೊತ್ತಿಗೆ ಎಳ್ಕೊಳ್ಳುತ್ತೆ ಅಂತ ನೋಡೋದು. ಅದನ್ನ ಪರ್ಸೆಂಟ್ ಎಂಪಿಇ, ಅಂದ್ರೆ ಗರಿಷ್ಠ ನೋವು ತಡೆಯ ಎಷ್ಟು ಪರ್ಸೆಂಟ್ ಸಿಕ್ತು ಅಂತ ಲೆಕ್ಕ ಹಾಕೋದು.

ಶುರುವಲ್ಲಿ ಚರ್ಮದಡಿ ಮಾರ್ಫಿನ್, ಬಾಯಿಗೆ ಇಂಡೊಮೆಥಸಿನ್ (ಕೀಟೊರೊಲ್ಯಾಕ್ ಜಾತಿದೇ ಔಷಧಿ) ಕೊಟ್ಟು ನೋಡಿದ್ವಿ. ಇಲಿಗಳು ತಿನ್ನೋದು ಬಿಟ್ಟು ಸೊರಗಿದ್ವು, ಕೊಯ್ದು ನೋಡಿದ್ರೆ ಜಠರದ ತುಂಬ ಹುಣ್ಣು, ಬ್ಯಾಚ್ ಪೂರ್ತಿ ಹೋಯ್ತು. ಆಮೇಲೆ ಆಸ್ಮೋಟಿಕ್ ಪಂಪ್, ಅಂದ್ರೆ ಮೈಯೊಳಗೆ ಇಟ್ರೆ ಔಷಧಿನ ನಿಧಾನವಾಗಿ ಬಿಡೋ ಪುಟ್ಟ ಪಂಪ್. ಒಂದು ಇಲಿಗೆ ಹಾಕಿದ ಪಂಪ್ ಇನ್ನೊಂದಕ್ಕೆ ಬರಲ್ಲ, ಗ್ರಾಂಟಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಅಲ್ಲೇ ಕರಗ್ತು, ಡೇಟಾ ಮಾತ್ರ ಎಲ್ಲೆಲ್ಲೋ ಚೆಲ್ಲಾಪಿಲ್ಲಿ.

ಕೊನೆಗೆ 1976ರ ಯಾಕ್ಷ್-ರೂಡಿ ವಿಧಾನಕ್ಕೇ ಬಂದೆ, ಪಿಇ-10 ಅನ್ನೋ ಸಣ್ಣ ಪ್ಲಾಸ್ಟಿಕ್ ಟ್ಯೂಬ್, ಅದರಿಂದ ಬೆನ್ನುಹುರಿ ಪಕ್ಕಕ್ಕೆ ನೇರವಾಗಿ ಔಷಧಿ. ಟ್ಯೂಬ್ ಕೂತಿದೆಯೋ ಇಲ್ವೋ ಅಂತ ಲಿಡೊಕೇನ್ (ಮರಗಟ್ಟಿಸೋ ಔಷಧಿ) ಬಿಟ್ಟು ನೋಡಿ, ಹಿಂಗಾಲು ಸ್ವಲ್ಪ ಹೊತ್ತು ಬಿದ್ದೋಗದ ಇಲಿನ ಲೆಕ್ಕಕ್ಕೆ ತಗೋಬೇಡಿ. ಕತ್ತಿನ ಹತ್ರ ಟ್ಯೂಬ್ ಜಾರದ ಹಾಗೆ ನಾನು ಹಾಕೋ ಗಂಟು ಬೇರೆ ತರ ಇದೆ, ಅದನ್ನ ಇಲ್ಲಿ ಬರೆಯಲ್ಲ, ಆದ್ರೆ ನನ್ನ ಕೈಯಲ್ಲಿ ಹತ್ತಕ್ಕೆ ಒಂಬತ್ತು ಟ್ಯೂಬ್ ಕೊನೇವರೆಗೂ ನಿಲ್ಲುತ್ತೆ. ಇನ್ನೊಂದು, ಆಸ್ಪತ್ರೆ ಆಂಪ್ಯೂಲಿನ ಕೀಟೊರೊಲ್ಯಾಕ್ ಬೆನ್ನುಹುರಿಗೆ ಹಾಕ್ಲೇಬೇಡಿ, ಅದರಲ್ಲಿ ಆಲ್ಕೋಹಾಲ್ ಇರುತ್ತೆ. ಪೌಡರ್ ತರಿಸಿ ಸಲೈನಲ್ಲಿ ಕರಗಿಸಿ. ಮಾರ್ಫಿನ್ 15 ಮೈಕ್ರೋಗ್ರಾಂ, ಕೀಟೊರೊಲ್ಯಾಕ್ 30ರ ಆಸುಪಾಸು, ವಾಲ್ಯೂಮ್ 10 ಮೈಕ್ರೋಲೀಟರ್.

ಬರೀ ಮಾರ್ಫಿನ್ ಕೊಟ್ಟ ಗುಂಪು ವಾರ ತುಂಬೋದ್ರೊಳಗೆ 90ರಿಂದ 20 ಪರ್ಸೆಂಟಿಗೆ ಬಿತ್ತು, ಜೊತೆಗೆ ಕೀಟೊರೊಲ್ಯಾಕ್ ಬಿದ್ದ ಗುಂಪು 70ರ ಹತ್ರ ನಿಂತ್ಕೊಂಡಿತ್ತು. ಎರಡು ಔಷಧಿ ಸೇರಿದ್ದಷ್ಟೇ ಅನ್ನೋರಿಗೆ ಉತ್ತರ ಏನಂದ್ರೆ, ಗ್ರಾಫಲ್ಲಿ ಬರೀ ಕೀಟೊರೊಲ್ಯಾಕ್ ಗುಂಪಿನ ಗೆರೆ, ಬರೀ ಸಲೈನ್ ಕೊಟ್ಟ ಗುಂಪಿನ ಗೆರೆಗೆ ಅಂಟಿಕೊಂಡೇ ಇತ್ತು, ಟೇಲ್ ಫ್ಲಿಕ್ ಬೆನ್ನುಹುರಿಯ ರಿಫ್ಲೆಕ್ಸ್ ಆಗಿರೋದ್ರಿಂದ ಈ ಜಾತಿ ಔಷಧಿ ಒಂದೇ ಕೊಟ್ರೆ ಅದು ಅಲುಗಾಡೋದೇ ಕಷ್ಟ. ಅದೂ ಸಾಲದು ಅಂತ ಕೊನೇ ದಿನ ಕೀಟೊರೊಲ್ಯಾಕ್ ನಿಲ್ಲಿಸಿ ಬರೀ ಮಾರ್ಫಿನ್ ಕೊಟ್ಟು ಅಳೆದೆ, ಆಗ್ಲೂ ಗೆರೆ ಕೆಳಗೆ ಬೀಳ್ಲಿಲ್ಲ. ಈ ಒಂದು ದಿನದ ಡೇಟಾ ನೋಡಿದ್ಮೇಲೆ ಯಾರೂ ವಾದ ಮಾಡ್ಲಿಲ್ಲ.

ಮಧ್ಯೆ ಮಿನೊಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೂಡ ನೋಡ್ದೆ, ಮೈಕ್ರೋಗ್ಲಿಯಾ (ಮೆದುಳು, ಬೆನ್ನುಹುರಿಯ ರಕ್ಷಣಾ ಕೋಶ) ತಣ್ಣಗಾಗುತ್ತೆ ಅಂತ. ದ್ರಾವಣ ಹಳದಿ, ಸಿರಿಂಜ್ ನೋಡಿದ್ರೇ ಯಾವ ಗುಂಪು ಅಂತ ಗೊತ್ತಾಗ್ಬಿಡುತ್ತೆ, ಗುಂಪು ಗೊತ್ತಾಗದ ಹಾಗೆ ಸಿರಿಂಜಿಗೆ ಟೇಪ್ ಸುತ್ತಿ ಬ್ಲೈಂಡ್ ಮಾಡ್ಬೇಕಾಯ್ತು. ಫಲಿತಾಂಶ ಚೆನ್ನಾಗಿ ಬಂತು, ಆದ್ರೆ ಮೈಕ್ರೋಗ್ಲಿಯಾನ ಗುರುತಿಸಿ ತೋರಿಸೋ ಐಬಾ-1 ಸ್ಟೈನಿಂಗ್‌ಗೆ ಆಂಟಿಬಾಡಿ ತರಿಸೋಷ್ಟ್ರಲ್ಲಿ ಉಳಿದ ದುಡ್ಡೂ ಖಾಲಿ. ಬಾಲದ ಟೆಂಪರೇಚರ್ ತಪ್ಪದೇ ಬರ್ಕೊಳ್ಳಿ, ತಣ್ಣಗಿರೋ ಬಾಲ ಸುಮ್ನೆ ಲೇಟಾಗಿ ಎಳ್ಕೊಳ್ಳುತ್ತೆ. ಇಂಜೆಕ್ಷನ್ ಕೊಡೋ ರೂಮು, ಅಳೆಯೋ ರೂಮು ಎಲ್ಲಾ ಗುಂಪಿಗೂ ಒಂದೇ ಇರ್ಲಿ, ಜಾಗದ ಗುರುತಿಂದ್ಲೇ ಟಾಲರೆನ್ಸ್ ಏರುತ್ತೆ ಅಂತ ಮನಶ್ಶಾಸ್ತ್ರಜ್ಞ ಸೀಗಲ್ 1975ರಲ್ಲೇ ತೋರಿಸಿದಾರೆ.

ಟಾಲರೆನ್ಸ್ ಪೂರ್ತಿ ಕೂತ ಮೇಲೆ ಕೀಟೊರೊಲ್ಯಾಕ್ ಶುರು ಮಾಡಿದ್ರೆ ಮಾರ್ಫಿನ್ ಪರಿಣಾಮ ಅರ್ಧಕ್ಕಿಂತ ಕಮ್ಮೀನೇ ವಾಪಸ್ ಬಂತು, ಹಾಗಾಗಿ ಮೊದಲ ಡೋಸಿಂದ್ಲೇ ಜೊತೆಗಿರ್ಬೇಕು ಅನ್ನೋದು ನನ್ನ ಅಭಿಪ್ರಾಯ. ಇಷ್ಟೂ ಗಂಡು ಇಲಿಗಳದ್ದು, ಹೆಣ್ಣಿಲಿಗಳ ಬ್ಯಾಚ್ ಈಗ ನಡೀತಿದೆ.