ಆಂಬುಲೆನ್ಸ್‌ನ ಆಮ್ಲಜನಕ ಸೋರಿಕೆ: ಪತ್ತೆ ಹಚ್ಚಿ ಸರಿಪಡಿಸಿದ ನನ್ನ ಅನುಭವ

108 ಸೇವೆಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞರಾಗಿ ದುಡಿದ ನಾವಿಬ್ಬರು ಸಾಲ ಮಾಡಿ ಶಿವಮೊಗ್ಗದಲ್ಲಿ ಸ್ವಂತ ಆಂಬುಲೆನ್ಸ್ ಸಂಸ್ಥೆ ಆರಂಭಿಸಿದ ಮೂರನೆಯ ತಿಂಗಳಲ್ಲಿ, ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದ ವೃದ್ಧರೊಬ್ಬರ ಆಮ್ಲಜನಕದ ಸಿಲಿಂಡರ್ ಆಗುಂಬೆ ಘಾಟಿಯ ತಿರುವುಗಳಲ್ಲೇ ಬರಿದಾಯಿತು. ಮೀಸಲು ಸಿಲಿಂಡರ್ ಇದ್ದುದರಿಂದ ಅವರಿಗೆ ತೊಂದರೆಯಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತುಂಬಿದ ಬಿ-ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 5 ಲೀಟರ್‌ನಂತೆ ಕೊಟ್ಟರೆ ಅದು 5 ಗಂಟೆ ಬರಬೇಕು. ನಮ್ಮದು ಅದರ ಅರ್ಧದಷ್ಟು ಹೊತ್ತೂ ಬರಲಿಲ್ಲ. ತುಂಬಿಸಿಕೊಟ್ಟವರ ಮೇಲೆ ಮೊದಲು ಅನುಮಾನ ಬಂದರೂ, ಹೊರಡುವಾಗ ಮಾಪಕದ ಮುಳ್ಳು ಪೂರ್ಣ ಒತ್ತಡವನ್ನೇ ತೋರಿಸಿದ್ದು ನನಗೆ ನೆನಪಿತ್ತು.

ಮರುದಿನ ತುಂಬಿದ ಸಿಲಿಂಡರ್ ಜೋಡಿಸಿ, ಕವಾಟ ತೆರೆದು, ರೋಗಿಗೆ ಹರಿಯುವ ಆಮ್ಲಜನಕದ ಪ್ರಮಾಣವನ್ನು ಹೊಂದಿಸುವ ಫ್ಲೋಮೀಟರನ್ನು ಪೂರ್ತಿ ಮುಚ್ಚಿ ಒಂದು ಗಂಟೆ ಬಿಟ್ಟೆವು. ಮುಳ್ಳು ಇಳಿದಿತ್ತು. ಜೋಡಣೆಗೆ ಸಾಬೂನು ನೀರು ಹಚ್ಚಿದಾಗ ಸಿಲಿಂಡರ್‌ನ ಒತ್ತಡವನ್ನು ತಗ್ಗಿಸಿಕೊಡುವ ರೆಗ್ಯುಲೇಟರ್‌ನ ಕುತ್ತಿಗೆಯ ಒಂದೇ ಬದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಬಿಚ್ಚಿ ನೋಡಿದರೆ ಒಳಗಿನ ವಾಷರ್ ಬಿರುಕು ಬಿಟ್ಟಿತ್ತು. ಆಮ್ಲಜನಕಕ್ಕೆಂದೇ ತಯಾರಾದ ಹೊಸ ವಾಷರ್ ಹಾಕಿದ ಮೇಲೆ ಮುಳ್ಳು ಕದಲಲಿಲ್ಲ. ಈ ಜೋಡಣೆಗೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಎಂದಿಗೂ ಹಚ್ಚಬಾರದು. ಒತ್ತಡದ ಆಮ್ಲಜನಕ ತಗುಲಿದರೆ ಅವು ಹೊತ್ತಿಕೊಳ್ಳುತ್ತವೆ.

ಈಗ ಪಾಳಿ ಬದಲಾಗುವಾಗ ಬಿಟ್ಟುಕೊಡುವವರೂ ವಹಿಸಿಕೊಳ್ಳುವವರೂ ಒಟ್ಟಿಗೆ ನಿಂತು ಒತ್ತಡವನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡುತ್ತಾರೆ, ಮತ್ತು ರೋಗಿಯನ್ನು ಇಳಿಸಿದೊಡನೆ ಸಿಲಿಂಡರ್‌ನ ಮುಖ್ಯ ಕವಾಟವನ್ನೇ ಮುಚ್ಚುತ್ತಾರೆ.