ಹುಣಸೆ ಬೀಜ ಹಿಡಿದು ಋಣ ಸಂಖ್ಯೆ ಕಲಿಸಿದ ನನ್ನ ಅನುಭವ

ಏಳನೇ ತರಗತಿಗೆ ಪೂರ್ಣಾಂಕ ಪಾಠ ಮಾಡಿದವರಿಗೆಲ್ಲ ಗೊತ್ತು. ಕೂಡುವುದು ಹೇಗೋ ಸಾಗುತ್ತದೆ, 2 − (−3) ಬಂದ ಕೂಡಲೇ ಎಲ್ಲರೂ ಮುಖ ನೋಡುತ್ತಾರೆ. 'ಮೈನಸ್ ಮೈನಸ್ ಪ್ಲಸ್' ಅಂತ ಬಾಯಿಪಾಠ ಮಾಡಿಸಿದರೆ ಇನ್ನೂ ಕಷ್ಟ, ಆಮೇಲೆ −2 − 3 ಕ್ಕೂ 5 ಅಂತ ಬರೆಯುತ್ತಾರೆ.

ಮೊದಲು ಫ್ಲೆಕ್ಸ್ ಮೇಲೆ ಸಂಖ್ಯಾರೇಖೆ ಮಾಡಿಸಿದೆ. ಸುಮಾರು 450 ರೂಪಾಯಿ, ನನ್ನ ಜೇಬಿನದೇ. ಎಡಕ್ಕೋ ಬಲಕ್ಕೋ ಅನ್ನುವುದರಲ್ಲೇ ಪೀರಿಯಡ್ ಮುಗಿಯಿತು. ಸೊನ್ನೆಗಿಂತ ಕೆಳಗಿನ ಚಳಿಯ ಉದಾಹರಣೆ ಕೊಟ್ಟೆ, ನಮ್ಮೂರ ಬಿಸಿಲಲ್ಲಿ ಬೆಳೆದ ಮಕ್ಕಳಿಗೆ ಅದು ಹತ್ತಲೇ ಇಲ್ಲ. ಎರಡು ಬಣ್ಣದ ಗುಂಡಿಗಳಿಗೆ ಮತ್ತೆ 600ರ ಮೇಲೆ ಹೋಯಿತು, ತಿಂಗಳೊಳಗೆ ಅರ್ಧ ಮಾಯ.

ಒಂದು ದಿನ ಊಟದ ಬಿಡುವಿನಲ್ಲಿ ಹುಡುಗಿಯರು ಜಗಲಿ ಮೇಲೆ ಚೌಕಾಬಾರ ಆಡುತ್ತಿದ್ದರು. ಹುಣಸೆ ಬೀಜದ ಒಂದು ಮೈ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದರು. ಇದೇ ಸರಿ ಅನಿಸಿತು. ಬಿಳಿ ಮೇಲಿದ್ದರೆ ಧನ, ಕಂದು ಮೇಲಿದ್ದರೆ ಋಣ, ಎರಡೂ ಒಂದೊಂದು ಸೇರಿದರೆ ಸೊನ್ನೆ.

'ಏಳನೇ ಕ್ಲಾಸಿನವರಿಗೆ ಬೀಜ ಎಣಿಸೋದು ಕಲಿಸ್ತೀರಾ ಸಾರ್?' ಅಂತ ಸ್ಟಾಫ್ ರೂಮಿನಲ್ಲಿ ಒಬ್ಬ ಮೇಷ್ಟ್ರು ಕೇಳಿದರು. ನಾನು ಬಿಡಲಿಲ್ಲ. ಮಕ್ಕಳೇ ಮನೆಯಿಂದ ಎರಡು ಕೆಜಿಯಷ್ಟು ತಂದರು, ಖರ್ಚು ಸೊನ್ನೆ. ಉಜ್ಜಲು ಎರಡು ಆಟದ ಪೀರಿಯಡ್ ಹೋಯಿತು. ಉಜ್ಜಿ ಕಾದ ಬೀಜವನ್ನು ಪಕ್ಕದವರ ಕೈಗೆ ಚುರ್ ಅನಿಸುವ ಗಲಾಟೆ ಬೇರೆ.

ಈಗ 2 − (−3). ಮುಂದೆ ಎರಡು ಬಿಳಿ ಇವೆ, ಮೂರು ಕಂದು ತೆಗೆಯಬೇಕು, ಆದರೆ ಕಂದು ಇಲ್ವಲ್ಲ! ಮೂರು ಸೊನ್ನೆ ಜೋಡಿ (ಒಂದು ಬಿಳಿ, ಒಂದು ಕಂದು) ತಂದಿಡಿ, ಬೆಲೆ ಬದಲಾಗುವುದಿಲ್ಲ. ಕಂದು ಮೂರನ್ನೂ ಎತ್ತಿದರೆ ಐದು ಬಿಳಿ ಉಳಿಯುತ್ತವೆ. ಹಿಂದಿನ ಬೆಂಚಿನ ಹುಡುಗ 'ಸಾಲ ಮನ್ನಾ ಆಯ್ತು ಸಾರ್' ಅಂದ. ಅಲ್ವಾ ಮತ್ತೆ! ಋಣ ಅಂದರೆ ಸಾಲವೇ. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಧನ, ಋಣ ಅನ್ನುವ ಮಾತಿನಲ್ಲೇ ನಿಯಮ ಬರೆದಿದ್ದ. ಆ ಮಾತು ನಮ್ಮ ಬಾಯಲ್ಲೇ ಇರುವಾಗ ನಾನು ಸುಮ್ನೆ ಚಳಿಯ ದೇಶಕ್ಕೆ ಹೋಗಿದ್ದೆ.

38 ಮಕ್ಕಳಲ್ಲಿ ಮೊದಲು ಎಂಟೊಂಬತ್ತು ಜನ ಸರಿ ಮಾಡುತ್ತಿದ್ದರು. ಮೂರು ವಾರ ಆದ ಮೇಲೆ ಮೂವತ್ತರ ಹತ್ತಿರ. ಅಂದು ಕೇಳಿದ ಮೇಷ್ಟ್ರು ಈ ವರ್ಷ ನನ್ನ ಬೀಜದ ಡಬ್ಬಿಯನ್ನೇ ಒಯ್ದಿದ್ದಾರೆ!

ಸಮೀಕರಣಕ್ಕೂ ಹಚ್ಚಿ ನೋಡಿದೆ. x ಬದಲು ಬೆಂಕಿಪೊಟ್ಟಣ, ಒಳಗೆ ಬೀಜ. 2x + 3 = 11 ಚೆನ್ನಾಗಿ ಬಂತು. −2x ಬಂದಾಗ ಕೈಕೊಟ್ಟಿತು, ಆ ಪ್ರಯತ್ನ ಇನ್ನೂ ನಡೆದಿದೆ. (−2) × (−3) ಹೇಗೆ ತೋರಿಸುತ್ತೇನೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ, ಬೀಜ ಮಗುಚುವುದರಲ್ಲಿದೆ ಗುಟ್ಟು, ನೀವೇ ಆಡಿಸಿ ನೋಡಿ.

ಬೀಜವನ್ನು ಮಾತ್ರ ಫೆಬ್ರವರಿ, ಮಾರ್ಚ್‌ನಲ್ಲಿ ಮನೆಗಳಲ್ಲಿ ಹುಣಸೆ ಕುಟ್ಟುವಾಗಲೇ ಎತ್ತಿಡಿ. ಜೂನ್‌ನಲ್ಲಿ ಹುಡುಕಿದರೆ ಹಿಡಿಯಷ್ಟೂ ಸಿಗುವುದಿಲ್ಲ.