ವಿಂಡೋಸ್ ಕಚೇರಿಯಲ್ಲಿ ಲಿನಕ್ಸ್ ಇಮೇಲ್: ನನ್ನ ಅನುಭವ

ನಾನು ಕೆಲಸ ಮಾಡುವ ಬೆಂಗಳೂರಿನ ಕಚೇರಿಯಲ್ಲಿ ಎಲ್ಲರದೂ ವಿಂಡೋಸ್, ಎಲ್ಲರ ಇಮೇಲೂ ಔಟ್‌ಲುಕ್‌ನಲ್ಲಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಡೆಬಿಯನ್ ಲಿನಕ್ಸ್ ಇದೆ. ಇದು ನನ್ನ ಆಯ್ಕೆ. ಅದರ ಹೊರೆ ಸಹೋದ್ಯೋಗಿಗಳ ಮೇಲೆ ಬೀಳಬಾರದು ಎಂದು ಮೊದಲೇ ಕಟ್ಟುಪಾಡು ಹಾಕಿಕೊಂಡೆ. ಅವರು ಸಭೆಗೆ ಕರೆದರೆ ನನ್ನ ಒಪ್ಪಿಗೆ ಅವರ ಕ್ಯಾಲೆಂಡರಿನಲ್ಲಿ ಕಾಣಬೇಕು. ನಾನು ಕಳಿಸಿದ ಕಡತ ಅವರಲ್ಲಿ ತೊಂದರೆಯಿಲ್ಲದೆ ತೆರೆದುಕೊಳ್ಳಬೇಕು.

ಪತ್ರ ತರಿಸುವುದು, ಕಳಿಸುವುದು ಇದರಲ್ಲಿ ಸುಲಭದ ಭಾಗ. ಸರ್ವರಿನಿಂದ ಪತ್ರ ತರಿಸುವ ಐಮ್ಯಾಪ್ ಎಂಬ ವಿಧಾನ ಅಲ್ಲಿ ತೆರೆದಿದ್ದರೆ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಸಾಕು. ಆದರೆ ಐಮ್ಯಾಪ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ, ಕಚೇರಿಯ ವಿಳಾಸ ಪಟ್ಟಿಯೂ ಗೊತ್ತಿಲ್ಲ. ಕಚೇರಿಯ ದಿನಚರಿ ನಿಂತಿರುವುದೇ ಆ ಎರಡರ ಮೇಲೆ. ಆದ್ದರಿಂದ ನಾನು ಎವಲ್ಯೂಷನ್ ಎಂಬ ಇನ್ನೊಂದು ಇಮೇಲ್ ತಂತ್ರಾಂಶವನ್ನು ಆರಿಸಿಕೊಂಡೆ. ಅದರ ಜೊತೆಗೆ ಇಡಬ್ಲ್ಯೂಎಸ್ ಪ್ಯಾಕೇಜನ್ನು ಹಾಕಿಕೊಂಡರೆ, ಎಕ್ಸ್‌ಚೇಂಜ್ ವೆಬ್ ಸರ್ವೀಸಸ್ ಎಂಬ ದಾರಿಯಲ್ಲಿ ಅದು ಮೈಕ್ರೋಸಾಫ್ಟಿನ ಇಮೇಲ್ ಸರ್ವರ್ ಆದ ಎಕ್ಸ್‌ಚೇಂಜಿನೊಡನೆ ನೇರವಾಗಿ ಮಾತಾಡುತ್ತದೆ. ಪತ್ರ, ಕ್ಯಾಲೆಂಡರ್, ವಿಳಾಸ ಪಟ್ಟಿ, ರಜೆಯಲ್ಲಿರುವಾಗ ಹೋಗುವ ಸ್ವಯಂಚಾಲಿತ ಉತ್ತರ, ಎಲ್ಲವೂ ಒಂದೇ ಕಡೆ ಸಿಗುತ್ತವೆ.

ತಂತ್ರಾಂಶ ಹಾಕುವ ಮೊದಲು ಮಾಡಬೇಕಾದ ಕೆಲಸವೆಂದರೆ ಐಟಿ ವಿಭಾಗದವರ ಹತ್ತಿರ ಹೋಗಿ ಕೇಳುವುದು. ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಹಳೆಯ ಕ್ರಮವನ್ನು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಇಮೇಲ್ ಸೇವೆಯಲ್ಲಿ 2022ರ ಅಕ್ಟೋಬರ್‌ನಿಂದ ಮುಚ್ಚುತ್ತ ಬಂತು. ಈಗ ಪಾಸ್‌ವರ್ಡನ್ನು ತಂತ್ರಾಂಶಕ್ಕೆ ಕೊಡದೆ ಮೈಕ್ರೋಸಾಫ್ಟಿನ ಪುಟದಲ್ಲೇ ಲಾಗಿನ್ ಆಗುವ ಓಆತ್ ಕ್ರಮದ ಮೂಲಕವೇ ಹೋಗಬೇಕು. ಹೊರಗಿನ ತಂತ್ರಾಂಶಕ್ಕೆ ನಿರ್ವಾಹಕರ ಒಪ್ಪಿಗೆ ಬೇಕೆಂದು ಬಹಳಷ್ಟು ಸಂಸ್ಥೆಗಳು ನಿಯಮ ಮಾಡಿವೆ. ಕಳ್ಳದಾರಿ ಹುಡುಕುವುದು ನನಗೆ ಇಷ್ಟವಿಲ್ಲ. ಕಚೇರಿಯ ಪತ್ರಗಳನ್ನು ಕಾಯುವ ಹೊಣೆ ಅವರದು. ಯಾವ ಯಂತ್ರದಿಂದ, ಯಾವ ತಂತ್ರಾಂಶದಿಂದ ಯಾರು ಒಳಗೆ ಬರುತ್ತಿದ್ದಾರೆ ಎಂದು ಅವರಿಗೆ ತಿಳಿದಿರಲೇಬೇಕು. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿರುವುದನ್ನು ತೋರಿಸಿದೆ, ಏನು ಬೇಕು, ಏಕೆ ಬೇಕು ಎಂದು ಒಂದು ಪುಟದಲ್ಲಿ ಬರೆದುಕೊಟ್ಟೆ. ಅವರು ಎವಲ್ಯೂಷನ್‌ಗಾಗಿ ಒಂದು ಆ್ಯಪ್ ನೋಂದಾಯಿಸಿ, ಅದರ ಗುರುತಿನ ಸಂಖ್ಯೆಯನ್ನೂ ಮೈಕ್ರೋಸಾಫ್ಟಿನಲ್ಲಿ ನಮ್ಮ ಸಂಸ್ಥೆಯನ್ನು ಗುರುತಿಸುವ ಟೆನೆಂಟ್ ಸಂಖ್ಯೆಯನ್ನೂ ಕೊಟ್ಟರು. ಖಾತೆಯ ಸೆಟ್ಟಿಂಗ್‌ನಲ್ಲಿ ಅವೆರಡನ್ನು ತುಂಬಲು ಜಾಗವಿದೆ. ಮೊಬೈಲಿನ ದೃಢೀಕರಣ ಎಲ್ಲರಿಗೂ ಇರುವಂತೆಯೇ ನನಗೂ ಇದೆ.

ಎವಲ್ಯೂಷನ್ ಬೇಡ, ಥಂಡರ್‌ಬರ್ಡೇ ಬೇಕು ಎನ್ನುವವರಿಗೆ ಡೇವ್‌ಮೇಲ್ ಇದೆ. ಅದು ನಿಮ್ಮದೇ ಯಂತ್ರದಲ್ಲಿ ಕುಳಿತು ಎಕ್ಸ್‌ಚೇಂಜಿನ ಮಾತನ್ನು ಐಮ್ಯಾಪ್‌ಗೂ ಕ್ಯಾಲೆಂಡರಿಗಾಗಿ ಇರುವ ಕ್ಯಾಲ್‌ಡ್ಯಾವ್‌ಗೂ ತಿರುಗಿಸಿಕೊಡುವ ದುಭಾಷಿ. ನಾನೂ ಕೆಲಕಾಲ ಬಳಸಿದೆ, ಚೆನ್ನಾಗಿಯೇ ಇತ್ತು. ಆದರೆ ಎಡವಟ್ಟಾದಾಗ ತಪ್ಪು ದುಭಾಷಿಯದೋ ಥಂಡರ್‌ಬರ್ಡಿನದೋ ಎಂದು ಹುಡುಕುತ್ತ ಕೂರಲು ಮನಸ್ಸಾಗಲಿಲ್ಲ.

ಸಭೆಯ ಆಹ್ವಾನಗಳನ್ನು ಮಾತ್ರ ಮೈಯೆಲ್ಲ ಕಣ್ಣಾಗಿ ನೋಡಬೇಕು. ಔಟ್‌ಲುಕ್ ಕಳಿಸುವ ಆಹ್ವಾನದಲ್ಲಿ ನಮ್ಮ ಕಾಲವಲಯದ ಹೆಸರು 'ಇಂಡಿಯಾ ಸ್ಟ್ಯಾಂಡರ್ಡ್ ಟೈಮ್'. ಲಿನಕ್ಸಿಗೆ ಗೊತ್ತಿರುವುದು 'ಏಷ್ಯಾ/ಕೋಲ್ಕತಾ'. ಒಳ್ಳೆಯ ತಂತ್ರಾಂಶ ಇವೆರಡೂ ಒಂದೇ ಎಂದು ಅರಿಯುತ್ತದೆ. ಅರಿಯದ ತಂತ್ರಾಂಶ ಆ ಹೊತ್ತನ್ನು ಗ್ರೀನಿಚ್ ಸಮಯವೆಂದು ಹಿಡಿದರೆ, ಬೆಳಿಗ್ಗೆ 10ರ ಸಭೆ ಮಧ್ಯಾಹ್ನ 3.30ಕ್ಕೆ ಹೋಗಿ ಕೂರುತ್ತದೆ. ಸಭೆಯೊಂದು ಐದೂವರೆ ಗಂಟೆ ಅತ್ತಿತ್ತ ಸರಿದಿದ್ದರೆ ಕಾರಣ ಹೆಚ್ಚುಕಡಿಮೆ ಇದೇ. ಹೊಸದಾಗಿ ಹೊಂದಿಸುವವರು ಸಹೋದ್ಯೋಗಿಯೊಬ್ಬರಿಂದ ಒಂದು ಪ್ರಯೋಗದ ಆಹ್ವಾನ ತರಿಸಿ, ಬ್ರೌಸರಿನ ಔಟ್‌ಲುಕ್‌ನಲ್ಲೂ ಅದನ್ನು ತೆರೆದು ಹೊತ್ತನ್ನು ತಾಳೆ ನೋಡಿಕೊಳ್ಳಲಿ.

ಹೊರಗಿನ ಸಂಸ್ಥೆಗಳಿಂದ ಆಗಾಗ 'ವಿನ್‌ಮೇಲ್ ಡಾಟ್ ಡ್ಯಾಟ್' ಎಂಬ ಲಗತ್ತು ಬರುತ್ತದೆ. ಔಟ್‌ಲುಕ್ ತನ್ನ ರಿಚ್ ಟೆಕ್ಸ್ಟ್ ರೂಪದಲ್ಲಿ ಕಟ್ಟಿದ ಗಂಟು ಅದು. ಟಿಎನ್ಇಎಫ್ ಎಂಬ ಚಿಕ್ಕ ಉಪಕರಣ ಅದನ್ನು ಬಿಚ್ಚಿ ಒಳಗಿನ ಕಡತಗಳನ್ನು ಕೊಡುತ್ತದೆ. ವರ್ಡ್ ಕಡತಗಳ ಪುಟವಿನ್ಯಾಸ ಕೆಡದಿರಲು ಕ್ಯಾಲಿಬ್ರಿಯ ಅಳತೆಗೇ ಹೊಂದುವ ಕಾರ್ಲಿಟೊ ಫಾಂಟ್ ಹಾಕಿಕೊಂಡಿದ್ದೇನೆ.

ನನ್ನ ಹೆಚ್ಚಿನ ಶ್ರಮ ಹೋದದ್ದು ಕನ್ನಡ ಪತ್ರಗಳಿಗೆ. ನಮಗೆ ಸರ್ಕಾರಿ ಇಲಾಖೆಗಳೊಡನೆ ಕನ್ನಡದಲ್ಲಿ ವ್ಯವಹಾರವಿದೆ. ಕೆಲವು ಪತ್ರಗಳು ಇಂದಿಗೂ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬರುತ್ತವೆ. ಅಂಥ ಪತ್ರದೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ, ಅಷ್ಟೆ. ನನ್ನ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಒಂದಕ್ಷರವೂ ಓದಲಾಗದು. ಫಾಂಟ್ ಕಡತಗಳನ್ನು ಹೋಮ್ ಫೋಲ್ಡರಿನ ಫಾಂಟ್ಸ್ ಜಾಗಕ್ಕೆ ಹಾಕಿದ ಮೇಲೆ ಪತ್ರಗಳು ಸರಿಯಾಗಿ ಕಂಡವು. ಆದರೂ ಆ ಪತ್ರದಲ್ಲಿ 'ಅನುದಾನ' ಎಂದು ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಮುಖ್ಯವಾದವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಪಕ್ಕದಲ್ಲೇ ಉಳಿಸಿಡುತ್ತೇನೆ. ನನ್ನ ಉತ್ತರವನ್ನು ಯೂನಿಕೋಡ್‌ನಲ್ಲೇ ಬರೆಯುತ್ತೇನೆ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟ್ ಇರುವುದರಿಂದ ಅವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಬೆರಳಿಗೆ ರೂಢಿಯಾದ ನುಡಿ ಕೀಲಿಮಣೆ ವಿನ್ಯಾಸವೇ ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ಐಬಸ್‌ನಲ್ಲಿ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ. ಕನ್ನಡಕ್ಕಾಗಿ ವಿಂಡೋಸ್‌ಗೆ ಮರಳಬೇಕಾದ ಪ್ರಮೇಯ ಬಂದಿಲ್ಲ ಎಂಬುದು ನನಗೆ ಬಹಳ ದೊಡ್ಡ ಸಮಾಧಾನ.

ಈಗ ಹೊಂದಿಸಲು ಹೊರಟವರು ಒಂದನ್ನು ತಿಳಿದಿರಬೇಕು. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಇಡಬ್ಲ್ಯೂಎಸ್ ದಾರಿಯನ್ನು 2026ರ ಅಕ್ಟೋಬರ್‌ನಿಂದ ಮುಚ್ಚುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಘೋಷಿಸಿದೆ. ಅದರ ಬದಲಿಗೆ ಮೈಕ್ರೋಸಾಫ್ಟ್ ಕೊಡುವ ಮುಂದಿನ ದಾರಿಯ ಹೆಸರು ಗ್ರಾಫ್. ಎವಲ್ಯೂಷನ್ ತಂಡ ಗ್ರಾಫ್ ಬಳಸುವ ಖಾತೆಯ ಬಗೆಯನ್ನು ಆಗಲೇ ಸೇರಿಸಿದೆ. ಅದಕ್ಕೆ ಬೇಕಾದ ಅನುಮತಿಗಳೇ ಬೇರೆಯಾದ್ದರಿಂದ ಐಟಿ ವಿಭಾಗಕ್ಕೆ ಹೊಸ ಕೋರಿಕೆ ಸಲ್ಲಿಸಿದ್ದೇನೆ, ಜೊತೆಗೆ ನನ್ನ ಖಾತೆಗೆ ಐಮ್ಯಾಪ್ ತೆರೆದಿಡಲು ಕೇಳಿಕೊಂಡಿದ್ದೇನೆ. ಕ್ಯಾಲೆಂಡರ್ ನಡುವೆ ಕೈಕೊಟ್ಟರೆ ಅದೊಂದನ್ನು ಬ್ರೌಸರಿನಲ್ಲಿ ನೋಡಿಕೊಳ್ಳಬಹುದು, ಪತ್ರಗಳು ನಿಲ್ಲುವುದಿಲ್ಲ.